ಸೋರುವ ನಲ್ಲಿ



ಸ್ನಾನದ ಮನೆಯ ಷವರು ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತದೆ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ. 4 ಲೀಟರಿಗೂ ಮಿಗಿಲು. ಬೇಸಗೆಯಲ್ಲಿ ಅದು ಯಾರದೋ ದಾಹ ತಣಿಸಬಹುದಾದ ನೀರು. ನಾವೇನು ಮಾಡುತ್ತೇವೆ? ಹಿಡಿಕೆಯನ್ನು ಬಲವಾಗಿ ಬಿಗಿಯುತ್ತೇವೆ. ತಿರುಪಿನ ವಾಲ್ವಿನಲ್ಲಿ ಸವೆದ ವಾಷರು ಅದರಿಂದ ಇನ್ನಷ್ಟು ಕೆಡುತ್ತದೆಯೇ ಹೊರತು ಸೋರಿಕೆ ನಿಲ್ಲದು. ಮೊದಲು ತೊಟ್ಟಿಯಿಂದ ಬರುವ ನೀರು ಕಟ್ಟಬೇಕು. ಆಮೇಲೆ ವಾಲ್ವು ಬಿಚ್ಚಿ, ಅದೇ ಅಳತೆಯ ಹೊಸ ವಾಷರು ಹಾಕಬೇಕು. ಅದು ಕೂಡುವ ಪೀಠದಲ್ಲಿ ಗೀರು ಬಿದ್ದಿದ್ದರೆ ಹೊಸದೂ ಸೋರುತ್ತದೆ, ಪೀಠವನ್ನೂ ನೋಡಬೇಕು.

ಕೋಪವೂ ಹೀಗೆಯೇ. ಹಲ್ಲು ಕಚ್ಚಿ ಅದುಮಿದರೆ ನಿಲ್ಲದು. ಮೊದಲು ಮಾತು ಕಟ್ಟಿ, ಆಮೇಲೆ ಒಳಗೆ ಸವೆದದ್ದೇನೆಂದು ಬಿಚ್ಚಿ ನೋಡಬೇಕು.

ಇಂದು ಮನೆಗೆ ಹೋದೊಡನೆ ನಲ್ಲಿಯನ್ನೊಮ್ಮೆ ನೋಡಿರಿ. ನೀರುಳಿಸುವುದೂ ದಾಸೋಹವೇ.