ನಮಾಜಿನ ವೇಳೆ: ಊರು, ಸೂರ್ಯ ಮತ್ತು ಕಂಪ್ಯೂಟರ್



ಕೆಲವು ವರ್ಷಗಳ ಹಿಂದೆ ರಂಜಾನ್ ತಿಂಗಳಲ್ಲಿ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಅಫಜಲಪುರಕ್ಕೆ ಹೋಗಿದ್ದೆ. ಹಿಂದಿನ ದಿನ ಹೈದರಾಬಾದಿನಲ್ಲಿದ್ದೆ. ಫೋನಿನಲ್ಲಿ ನಮಾಜಿನ ವೇಳೆ ತೋರಿಸುವ ತಂತ್ರಾಂಶವಿತ್ತು. ಅದರಲ್ಲಿ ಊರಿನ ಹೆಸರು ಬದಲಿಸುವುದನ್ನು ಮರೆತಿದ್ದೆ. ಸಂಜೆ ಹುಡುಗರು ಖರ್ಜೂರದ ತಟ್ಟೆಯ ಮುಂದೆ ಕುಳಿತಿದ್ದರು, ಕ್ಯಾಮೆರಾ ಸಿದ್ಧವಾಗಿತ್ತು. ಫೋನ್ ನೋಡಿ "ಹೊತ್ತಾಯಿತು, ಶುರುಮಾಡಿ" ಎಂದುಬಿಟ್ಟೆ. ಒಬ್ಬ ಹುಡುಗ ಖರ್ಜೂರವನ್ನು ಬಾಯಿಯವರೆಗೆ ಒಯ್ದಿದ್ದ. ಪಕ್ಕದಲ್ಲಿದ್ದ ಹಿರಿಯರು ಅವನ ಕೈ ಹಿಡಿದರು. ನನ್ನ ಫೋನನ್ನೊಮ್ಮೆ ಇಣುಕಿ ನೋಡಿ, "ತಡೀರಿ ಸಾಹೇಬ್ರ, ಹೊತ್ತು ಇನ್ನೂ ಮುಳುಗಿಲ್ಲ. ಇದು ಹೈದರಾಬಾದ್ ಅಲ್ರಿ" ಎಂದರು. ಬೆಳಗಿನ ಜಾವದಿಂದ ನೀರೂ ಮುಟ್ಟದೆ ಹಿಡಿದಿದ್ದ ಆ ಹುಡುಗನ ರೋಜಾ ನನ್ನ ಅಜಾಗರೂಕತೆಯಿಂದ ಕೆಡುವುದರಲ್ಲಿತ್ತು.

ತಂತ್ರಾಂಶದ ಲೆಕ್ಕ ತಪ್ಪಿರಲಿಲ್ಲ. ಅದು ಹೈದರಾಬಾದಿಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಹೈದರಾಬಾದಿನ ರೇಖಾಂಶ ಸುಮಾರು 78.49 ಡಿಗ್ರಿ ಪೂರ್ವ, ಅಫಜಲಪುರದ್ದು 76.35. ವ್ಯತ್ಯಾಸ 2.14 ಡಿಗ್ರಿ, ಸೂರ್ಯ ಅಲ್ಲಿ ಮುಳುಗಿ ಎಂಟೂವರೆ ನಿಮಿಷದ ನಂತರ ಇಲ್ಲಿ ಮುಳುಗುತ್ತಾನೆ. ನಮ್ಮ ಭಾಗದಲ್ಲಿ 27 ಕಿಲೋಮೀಟರಿನಷ್ಟು ಪಶ್ಚಿಮಕ್ಕೆ ಹೋದರೆ ಹೆಚ್ಚುಕಡಿಮೆ ಒಂದು ನಿಮಿಷ ತಡ ಎಂದು ನೆನಪಿಟ್ಟುಕೊಳ್ಳಬಹುದು. ದೇವಲ ಗಾಣಗಾಪುರವೂ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿ ಪಂಚಾಂಗ ನೋಡುವವರೂ ಬೇರೆ ಊರಿನ ಸೂರ್ಯೋದಯವನ್ನು ಇದೇ ಲೆಕ್ಕದಿಂದ ತಿದ್ದಿಕೊಳ್ಳಬೇಕು.

ಹಾಗಾದರೆ ಬೆಂಗಳೂರಿನ ಪಟ್ಟಿಗೆ ಐದು ನಿಮಿಷ ಕೂಡಿಸಿದರೆ ಸಾಲದೆ? ಸಾಲದು. ಬೆಂಗಳೂರು ನಮಗಿಂತ ನಾಲ್ಕು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕಿದೆ. ಬೇಸಿಗೆಯಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಹೀಗಾಗಿ ಜೂನ್ ಕೊನೆಗೆ ಅಫಜಲಪುರದ ಸೂರ್ಯಾಸ್ತ ಬೆಂಗಳೂರಿಗಿಂತ ಸುಮಾರು 13 ನಿಮಿಷ ತಡ. ಡಿಸೆಂಬರ್ ಕೊನೆಗೆ ಸುಮಾರು 3 ನಿಮಿಷ ಮುಂಚೆ!

ದಿನದ ಐದು ನಮಾಜುಗಳೂ ಸೂರ್ಯನಿಗೇ ಕಟ್ಟಿದವು. ಪೂರ್ವದ ಅಂಚಿನಲ್ಲಿ ಮೊದಲ ಬೆಳಕು ಹರಡಿದಾಗ ಫಜ್ರ್, ಸೂರ್ಯ ನೆತ್ತಿಯಿಂದ ಇಳಿಯತೊಡಗಿದಾಗ ಜುಹರ್, ನೆರಳು ಇಂತಿಷ್ಟು ಬೆಳೆದಾಗ ಅಸರ್, ಸೂರ್ಯಾಸ್ತಕ್ಕೆ ಮಗ್ರಿಬ್, ಸಂಜೆಗಪ್ಪಿನ ಬೆಳಕು ಅಳಿದ ಮೇಲೆ ಇಶಾ. ಇವನ್ನು ಲೆಕ್ಕಕ್ಕೆ ತಂದವರು ಹಳಬರು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಆ ಊರಿನ ಅಕ್ಷಾಂಶಕ್ಕೆ ನಮಾಜಿನ ಕೋಷ್ಟಕ ರಚಿಸಿದ್ದ. ಕಂಪ್ಯೂಟರ್ ಓದುವ ನಿಮಗೆ ಪರಿಚಿತವಾದ 'ಆಲ್ಗಾರಿದಮ್' ಎಂಬ ಪದ ಬಂದದ್ದು ಅವನ ಹೆಸರಿನಿಂದಲೇ. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಕಟ್ಟಿಸತೊಡಗಿದ್ದ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅದು ಪೂರ್ತಿಯಾಗಿದ್ದರೆ ಎಂದು ನನಗೆ ಆಗಾಗ ಅನಿಸುತ್ತದೆ.

ಈಗ ನಮ್ಮ ಮೂರು ಊರುಗಳಿಗೆ ಬನ್ನಿ. ಆಳಂದ 17.57 ಉತ್ತರ, 76.57 ಪೂರ್ವ. ಅಫಜಲಪುರ 17.20, 76.35. ಜೇವರ್ಗಿ 17.02, 76.77. ಮೂರನ್ನೂ ಒಂದೊಂದಾಗಿ ತಂತ್ರಾಂಶಕ್ಕೆ ಕೊಟ್ಟು ನೋಡಿ. ಸೂರ್ಯಾಸ್ತದಲ್ಲಿ ಹೆಚ್ಚೆಂದರೆ ಎರಡು ನಿಮಿಷದಷ್ಟು ಅಂತರ ಕಾಣುತ್ತದೆ. ಆದರೂ ಆಳಂದದ ಗೆಳೆಯನಿಗೂ ಜೇವರ್ಗಿಯ ಗೆಳೆಯನಿಗೂ ಅಸರ್ ವೇಳೆಯಲ್ಲಿ ಒಂದು ಗಂಟೆ ವ್ಯತ್ಯಾಸ ಬಂದರೆ? ಆಗ ಊರನ್ನು ಬಿಟ್ಟು 'ವಿಧಾನ' ಎಂಬ ಅಂಕಣವನ್ನು ನೋಡಬೇಕು. ಬಹಳ ಮಂದಿ ಅದನ್ನು ತೆರೆಯುವುದೇ ಇಲ್ಲ.

ಶಾಫಿ ಪಂಥದಲ್ಲಿ ಒಂದು ವಸ್ತುವಿನ ನೆರಳು, ನಡುಹಗಲಿನ ನೆರಳಿನ ಮೇಲೆ, ವಸ್ತುವಿನ ಎತ್ತರದಷ್ಟು ಬೆಳೆದಾಗ ಅಸರ್ ಆರಂಭ. ಹನಫಿ ಪಂಥದಲ್ಲಿ ಎತ್ತರದ ಎರಡರಷ್ಟು ಬೆಳೆಯಬೇಕು. ನಮ್ಮ ಕಡೆಯ ಮುಸ್ಲಿಮರಲ್ಲಿ ಬಹುಪಾಲು ಜನ ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಎಷ್ಟೋ ತಂತ್ರಾಂಶಗಳು ನೀವು ಏನನ್ನೂ ಹೇಳದಿದ್ದರೆ ಶಾಫಿ ಲೆಕ್ಕವನ್ನೇ ಹಿಡಿಯುತ್ತವೆ.

ಫಜ್ರ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಸೆಹ್ರಿಯ ಊಟ ಅಲ್ಲಿಗೆ ನಿಲ್ಲಬೇಕು. ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಕೆಳಗಿರುವಾಗ ಮೊದಲ ಬೆಳಕು? ಕರಾಚಿಯ ವಿಧಾನ 18 ಎನ್ನುತ್ತದೆ, ಉತ್ತರ ಅಮೆರಿಕದ್ದು 15. ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ಈ ಮೂರು ಡಿಗ್ರಿ ಎಂದರೆ 12-13 ನಿಮಿಷ. ನಿಮ್ಮ ಮಸೀದಿ ಯಾವುದನ್ನು ಅನುಸರಿಸುತ್ತದೆಂದು ಕೇಳಿ ತಿಳಿದುಕೊಳ್ಳಿ. ಅದನ್ನು ತೀರ್ಮಾನಿಸುವುದು ಯಂತ್ರದ ಕೆಲಸವಲ್ಲ.

ಯಾವ ಧರ್ಮದವರಾದರೂ ನೀವೆಲ್ಲ ಮಾಡಬಹುದಾದ ಒಂದು ಪ್ರಯೋಗವಿದೆ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರಂದು ಶಾಲೆಯ ಅಂಗಳದ ಸಮತಟ್ಟಾದ ಜಾಗದಲ್ಲಿ ನೆಲದಿಂದ ಒಂದು ಮೀಟರ್ ಎತ್ತರ ನಿಲ್ಲುವಂತೆ ಕೋಲು ನೆಡಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದಾದ್ದರಿಂದ ಅಫಜಲಪುರದಲ್ಲಿ ನಡುಹಗಲು 12 ಗಂಟೆಗಲ್ಲ, ಸುಮಾರು 12.32ಕ್ಕೆ. ಆಗ ನೆರಳು 31 ಸೆಂಟಿಮೀಟರ್. ಅದು 131 ಆಗುವುದು 3.54ರ ಆಸುಪಾಸಿನಲ್ಲಿ, 231 ಆಗುವುದು 4.54ರ ಹೊತ್ತಿಗೆ. ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಡಿ, ನೆರಳಿನ ತುದಿ ಮಸುಕಾಗಿಯೇ ಇರುತ್ತದೆ. ಕೊನೆಯ ಗುರುತು ಹಾಕುವ ವೇಳೆಗೆ ಶಾಲೆ ಬಿಟ್ಟಿರಬಹುದು. ಉಪಾಧ್ಯಾಯರಿಗೆ ಮೊದಲೇ ಹೇಳಿ ಉಳಿದುಕೊಳ್ಳಿ.