ಮುಂಗೈಗೆ ಅಂಟಿದ ಹುರುಪೆ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ತಂಗಿದ್ದರು, ಕಾಳಿ ನದಿಯಲ್ಲಿ ದೋಣಿಯೇರಿ ಸುತ್ತಿದ್ದರು. ಅದೇ ರವೀಂದ್ರರಿಗೆ ಬಾಲ್ಯದಲ್ಲಿ ಶಾಲೆಯ ಗೋಡೆಗಳ ನಡುವೆ ಉಸಿರುಕಟ್ಟುತ್ತಿತ್ತು. 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಶಾಲೆ ತೆರೆದಾಗ ಪಾಠವನ್ನು ಮರದ ನೆರಳಿಗೆ ತಂದರು.

ಅಂಕೋಲೆ ಕಡೆಯ ಒಂದು ಶಾಲೆಯಲ್ಲಿ ಕಂಡ ಹುಡುಗನೊಬ್ಬ ನನಗೆ ಅವರ ಆ ಉಸಿರುಕಟ್ಟಿದ ಶಾಲಾದಿನಗಳನ್ನು ನೆನಪಿಸಿದ. ದಿನವೂ ತಡ. ದಿನವೂ ಬಾಗಿಲಾಚೆ ನಿಲ್ಲುವ ಶಿಕ್ಷೆ. ಬರಬರುತ್ತಾ ಪಕ್ಕದವರಿಗೆ ಹೊಡೆಯತೊಡಗಿದ. ಪುಂಡ ಎಂಬ ಹೆಸರೂ ಬಿತ್ತು. ಹೊಸದಾಗಿ ಬಂದ ಅಕ್ಕೋರು ಒಂದು ದಿನ ಅವನ ಕೈ ಹಿಡಿದು ನೋಡಿದರು. ಮುಂಗೈಯಲ್ಲಿ ಮೀನಿನ ಹುರುಪೆ ಒಣಗಿ ಅಂಟಿತ್ತು. "ತಮಾ, ಬೆಳಗ್ಗೆ ಏನು ತಿಂದೆ?" ಎಂದರು. ನಸುಕಿನಲ್ಲೇ ಎದ್ದು ಅಮ್ಮನ ಮೀನುಬುಟ್ಟಿಯನ್ನು ಪೇಟೆಗೆ ಮುಟ್ಟಿಸಿ, ಬರಿಹೊಟ್ಟೆಯಲ್ಲಿ ಶಾಲೆಗೆ ಓಡಿಬರುತ್ತಿದ್ದನಂತೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟರಷ್ಟೇ ಸಾಲದು. ಅದು ಇದ್ದ ಜಾಗಕ್ಕೆ ಅಕ್ಕೋರು ಕೇಳಿದಂಥ ಪ್ರಶ್ನೆಯೊಂದು ಬರಬೇಕು.

ಅಕ್ಕೋರು ಅವನಿಗೆ ಶಾಲಾಮಕ್ಕಳಿಗೆ ಸರ್ಕಾರ ಕೊಡುವ ಕ್ಷೀರಭಾಗ್ಯದ ಹಾಲು ಹಂಚುವ ಕೆಲಸ ಕೊಟ್ಟರು. ಮೊದಲ ಲೋಟ ಅವನೇ ಕುಡಿಯಬೇಕು, ಆಮೇಲೆ ಉಳಿದವರಿಗೆ. ನಾನು ಕಂಡ ದಿನ ಅವನು ಒಂದನೇ ತರಗತಿಯ ಪುಟ್ಟಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಜಗುಲಿಯ ಮೇಲೆ ಮೆಲ್ಲಗೆ ನಡೆದು ಬರುತ್ತಿದ್ದ.