ಟಾರ್ಚ್‌ಗೂ ಒಂದು ಗುರುತಿನ ಚೀಟಿ, ಆದ್ರೆ ಅದನ್ನ ಓದೋರು ಯಾರು?

ಹದಡಿಯಿಂದ ಮಾತಾಡ್ತಿದ್ದೀನಿ.

ನೀವು ಇದನ್ನ ಕೇಳ್ತಿರೋ ಫೋನ್ ಇದೆಯಲ್ಲ, ಅದರ ಡಯಲ್ ಪ್ಯಾಡ್ ತೆಗೆದು *#06# ಒತ್ತಿ ನೋಡಿ. 15 ಅಂಕಿಯ ನಂಬರ್ ಒಂದು ಬರುತ್ತೆ, ಎರಡು ಸಿಮ್ ಇದ್ರೆ ಎರಡು ನಂಬರ್. ಅದೇ ಐಎಂಇಐ. ಫೋನ್ ಕಳೆದುಹೋದ್ರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಇದೇ ನಂಬರ್ ಹಾಕಿ ಬ್ಲಾಕ್ ಮಾಡಿಸಬಹುದು. ಬೈಕ್‌ಗೆ ಚಾಸಿ ನಂಬರ್ ಇದೆ. ನಮ್ಮ ಅಮ್ಮನ ಸ್ಟೀಲ್ ಬಿಂದಿಗೆಗೂ ಗುರುತಿದೆ, ಮದುವೇಲಿ ಕೊಟ್ಟೋರ ಹೆಸರು, ಊರು, ತಾರೀಖು ಎಲ್ಲ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿರೋದು. ಪಕ್ಕದ ಮನೆ ಫಂಕ್ಷನ್‌ಗೆ ಕೊಟ್ರೂ ವಾಪಸ್ ಬರುತ್ತೆ.

ಈಗ ಒಂದು ವೆಲ್ಡಿಂಗ್ ಶಾಪ್‌ಗೆ ಬನ್ನಿ. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಕೆಲಸ ಮಾಡೋ ನಮ್ಮ ಕಡೆಯ ಸಾಮಾನ್ಯ ಶಾಪ್. ವೆಲ್ಡಿಂಗ್ ಸೆಟ್ಟು ಒಂದು ಶಾಪ್‌ನಿಂದ ಇನ್ನೊಂದಕ್ಕೆ ಕೈಗಡ ಹೋಗೋದು ಇಲ್ಲಿ ಮಾಮೂಲು. ಇವತ್ತು ಇವರ ಟಾರ್ಚು ಅವರ ಹತ್ರ, ನಾಳೆ ಅವರ ಗ್ರೈಂಡರ್ ಇವರ ಹತ್ರ. ನಾನು ಕೇಳ್ದೆ: "ಅಣ್ಣ, ಈ ಸೆಟ್ಟಿಂದು ಸೀರಿಯಲ್ ನಂಬರ್ ಎಲ್ಲೈತೆ?"

"ಹಿಂದೆ ಪ್ಲೇಟ್ ಇತ್ತಪ್ಪ. ಪೇಂಟ್ ಹೊಡೆಸ್ದಾಗ ಮುಚ್ಚಿಹೋತು. ನಂಬರ್ ಯಾಕೆ ಬೇಕು? ನನ್ನ ಸೆಟ್ಟು ನನಗೆ ಗೊತ್ತಾಗಲ್ವಾ?"

ಅಣ್ಣನಿಗೆ ಗೊತ್ತಾಗುತ್ತೆ, ಒಪ್ತೀನಿ. ಆದ್ರೆ ಗುರುತು ಅನ್ನೋದು ಮಾಲೀಕನಿಗಿಂತ ಜಾಸ್ತಿ ಬೇಕಾಗೋದು ಬೇರೆಯವರಿಗೆ. ನಾನು ಬಿಕಾಂ ಓದಿದವನು, ಮೆಷಿನ್ ನೋಡಿದ ತಕ್ಷಣ ನನಗೆ ಕಾಣೋದು ಫಿಕ್ಸೆಡ್ ಅಸೆಟ್ ರಿಜಿಸ್ಟರ್. ಕ್ಷಮಿಸಿ, ರೋಗ ಅದು. ಮುದ್ರಾ ಸಾಲ ತಗೊಂಡು ಮೆಷಿನ್ ತಂದ್ರೆ, ಆ ಮೆಷಿನ್ ಬ್ಯಾಂಕಿಗೆ ಹೈಪಾಥಿಕೇಶನ್ ಆಗಿರುತ್ತೆ. ಅಂದ್ರೆ ವಸ್ತು ನಿಮ್ಮ ಶಾಪ್‌ನಲ್ಲಿ, ಹಕ್ಕು ಬ್ಯಾಂಕಿನ ಕಾಗದದಲ್ಲಿ. ಆ ಕಾಗದಕ್ಕೂ ಈ ಕಬ್ಬಿಣಕ್ಕೂ ಮಧ್ಯೆ ಇರೋ ದಾರ ಸೀರಿಯಲ್ ನಂಬರ್. ಕಳ್ಳತನ ಆಗಿ ಇನ್ಶೂರೆನ್ಸ್ ಕ್ಲೇಮ್ ಹಾಕಿದ್ರೂ, ಸೆಕೆಂಡ್ ಹ್ಯಾಂಡ್ ಮಾರಿದ್ರೂ, ಇನ್‌ವಾಯ್ಸ್‌ನಲ್ಲಿ ಬರೆದಿರೋದು ಇದೇ ಮೆಷಿನ್ ಅಂತ ತೋರಿಸೋಕೆ ಬೇರೆ ಏನಿದೆ? ಆದಾಯ ತೆರಿಗೆ ಲೆಕ್ಕದಲ್ಲಿ ಇಂಥ ಯಂತ್ರದ ಮೇಲೆ ವರ್ಷಕ್ಕೆ 15% ಸವಕಳಿ ತೋರಿಸ್ತೀವಿ. ಯಾವ ಮೆಷಿನ್ ಮೇಲೆ ಅಂತ ಯಾರಾದ್ರೂ ಕೇಳಿದ್ರೆ 'ಆ ನೀಲಿ ಬಣ್ಣದ್ದು' ಅಂತ ಹೇಳೋಕಾಗುತ್ತಾ?

ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದ್ವಿ. ಪ್ಲೇಟ್ ಕಾಣಿಸ್ತು. ಅದರಲ್ಲಿ ಬರೀ ನಂಬರ್ ಇರಲಿಲ್ಲ.

ವೆಲ್ಡಿಂಗ್ ಪವರ್ ಸೋರ್ಸ್‌ಗೆ ಐಇಸಿ 60974 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಪ್ಲೇಟ್ ಮೇಲೆ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್, ಎಷ್ಟು ವೋಲ್ಟೇಜ್ ಬೇಕು, ಎಷ್ಟು ಆಂಪಿಯರ್ ಕೊಡುತ್ತೆ ಎಲ್ಲ ಇರಬೇಕು. ಜೊತೆಗೆ ಎಕ್ಸ್ ಅಂತ ಒಂದು ಸಾಲು ಇರುತ್ತೆ, ಅದು ಡ್ಯೂಟಿ ಸೈಕಲ್. 60% ಎದುರಿಗೆ 200 ಆಂಪಿಯರ್ ಅಂತಿದ್ರೆ, 10 ನಿಮಿಷದಲ್ಲಿ 6 ನಿಮಿಷ ಮಾತ್ರ 200ರಲ್ಲಿ ಓಡಿಸಬಹುದು, ಉಳಿದ 4 ನಿಮಿಷ ಮೆಷಿನ್ ತಣ್ಣಗಾಗಬೇಕು. ಈ ಲೆಕ್ಕ ಮಾಡೋದು 40 ಡಿಗ್ರಿ ಬಿಸಿಲಿಗೆ. ದಾವಣಗೆರೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ ಒಳಗೆ ಎಷ್ಟಿರುತ್ತೆ ಅಂತ ನಾನು ಹೇಳಬೇಕಿಲ್ಲ. ಮುಂದುಗಡೆ ಸ್ಟಿಕ್ಕರ್‌ನಲ್ಲಿ ದಪ್ಪಕ್ಕೆ 400 ಅಂತ ಬರೆದ್ರೂ, ಹಿಂದಿನ ಪ್ಲೇಟ್‌ನಲ್ಲಿ 400ರ ಪಕ್ಕ ಯಾವ ಪರ್ಸೆಂಟ್ ಇದೆ ಅಂತ ನೋಡಿ. ಮೆಷಿನ್ ಕೊಳ್ಳೋಕೆ ಹೊರಟಿದ್ರೆ ಈ ಎಪಿಸೋಡ್‌ನಲ್ಲಿ ಇದೊಂದನ್ನ ನೆನಪಿಟ್ಟುಕೊಂಡ್ರೂ ದುಡ್ಡು ಉಳಿಯುತ್ತೆ.

ಇದು ಹಳೇ ಕಥೆ. ಹೊಸದು ಏನಂದ್ರೆ, ಈ ಮಾಹಿತಿ ಈಗ ಪ್ಲೇಟ್‌ನಿಂದ ಚಿಪ್‌ಗೆ ಹೋಗ್ತಿದೆ. ಅದೂ ದೊಡ್ಡ ಮೆಷಿನ್‌ಗೆ ಮಾತ್ರ ಅಲ್ಲ, ಕೈಯಲ್ಲಿ ಹಿಡಿಯೋ ಟಾರ್ಚ್‌ಗೂ.

ಇದರ ಐಡಿಯಾ ಸರಳ. ಸಿಒ2 ವೆಲ್ಡಿಂಗ್ ಟಾರ್ಚ್‌ಗಳು ನೋಡೋಕೆ ಒಂದೇ ಥರ ಇರ್ತಾವೆ. ಆದ್ರೆ ಒಂದು 250 ಆಂಪಿಯರ್ ತಡಿಯುತ್ತೆ, ಇನ್ನೊಂದು 400. ಒಂದು ಗಾಳಿಗೆ ತಣ್ಣಗಾಗೋದು, ಇನ್ನೊಂದಕ್ಕೆ ಒಳಗೆ ನೀರು ಹರಿಯಬೇಕು. ಕೇಬಲ್ 3 ಮೀಟರೋ 5 ಮೀಟರೋ ಅನ್ನೋದರ ಮೇಲೆ ವೋಲ್ಟೇಜ್ ನಷ್ಟ ಬದಲಾಗುತ್ತೆ. ಚಿಕ್ಕ ಟಾರ್ಚ್ ಸಿಕ್ಕಿಸಿ ದೊಡ್ಡ ಕರೆಂಟ್ ಬಿಟ್ರೆ ಸುಟ್ಟುಹೋಗುತ್ತೆ. ಟಾರ್ಚ್‌ನ ಕನೆಕ್ಟರ್ ಒಳಗೆ ಒಂದು ಸಣ್ಣ ಮೆಮೊರಿ ಚಿಪ್ ಇಟ್ಟು, 'ನಾನು ಇಂಥವನು, ನನ್ನ ಮಿತಿ ಇಷ್ಟು' ಅಂತ ಬರೆದಿಟ್ರೆ, ಸಿಕ್ಕಿಸಿದ ಕೂಡಲೇ ಮೆಷಿನ್ ಓದಿಕೊಂಡು ತಾನೇ ಕರೆಂಟ್‌ಗೆ ಮಿತಿ ಹಾಕುತ್ತೆ. ಎಷ್ಟು ಗಂಟೆ ಓಡಿದೆ, ಯಾವಾಗ ರಿಪೇರಿ ಆಗಿದೆ ಅಂತ ಅದೇ ಚಿಪ್‌ನಲ್ಲಿ ಮೆಷಿನ್ ವಾಪಸ್ ಬರೆದಿಡಬಹುದು. ಆಮೇಲೆ ಅದೇ ಡೇಟಾ ನೆಟ್‌ವರ್ಕ್ ಮೂಲಕ ಸ್ಟೋರ್‌ಗೆ, ಆಫೀಸಿಗೆ, ಕಂಪನಿಗೆ. ಅಮೆರಿಕದ ಹೈಪರ್‌ಥರ್ಮ್ ಕಂಪನಿ 2021ರಲ್ಲಿ ಪವರ್‌ಮ್ಯಾಕ್ಸ್ ಸಿಂಕ್ ಅನ್ನೋ ಪ್ಲಾಸ್ಮಾ ಕಟಿಂಗ್ ಮೆಷಿನ್ ತಂತು. ಅದರಲ್ಲಿ ಟಾರ್ಚ್ ತುದಿಯ ಕಾರ್ಟ್ರಿಜ್‌ನಲ್ಲೇ ಆರ್‌ಎಫ್‌ಐಡಿ ಚಿಪ್. ಯಾವ ಕಾರ್ಟ್ರಿಜ್ ಹಾಕಿದ್ರೋ ಅದಕ್ಕೆ ತಕ್ಕ ಕರೆಂಟು, ಗಾಳಿಯ ಒತ್ತಡ ಮೆಷಿನ್ ತಾನೇ ಸೆಟ್ ಮಾಡ್ಕೊಳ್ಳುತ್ತೆ. ಹೊಸ ಹುಡುಗನ ಕೈಗೆ ಕೊಟ್ರೂ ತಪ್ಪಾಗೋದು ಕಮ್ಮಿ. ಒಳ್ಳೇದೇ.

ಕಾರ್ಟ್ರಿಜ್ ಅಂದಾಗ ನಿಮಗೆ ಪ್ರಿಂಟರ್ ನೆನಪಾಗಿರಬೇಕು. ನನಗೂ ಅಷ್ಟೇ. ಚಿಪ್ ಇಲ್ಲದ ಇಂಕ್ ಹಾಕಿದ್ರೆ ಓಡಲ್ಲ ಅಂತ ಹಠ ಮಾಡೋ ಪ್ರಿಂಟರ್‌ಗಳನ್ನ ಜೆರಾಕ್ಸ್ ಅಂಗಡಿಯವರು ಚೆನ್ನಾಗಿ ಬಲ್ಲರು. ಗುರುತಿನ ಚಿಪ್ ವಸ್ತುವನ್ನ ಕಾಪಾಡೋಕೂ ಬಳಸಬಹುದು, ಗಿರಾಕಿಯನ್ನ ಕಟ್ಟಿಹಾಕೋಕೂ ಬಳಸಬಹುದು. ಚಿಪ್ ಅದೇ. ಅದನ್ನ ಓದೋ ಹಕ್ಕು ಯಾರಿಗೆ ಕೊಟ್ಟಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಇದು ಯಾಕೆ ಮುಖ್ಯ ಅಂತ ತಿಳಿಯೋಕೆ ಅಮೆರಿಕ, ಜರ್ಮನಿ ಬೇಕಿಲ್ಲ. ಹರಿಹರಕ್ಕೆ ಹೋದ್ರೆ ಸಾಕು.

ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಶುರುವಾಗಿದ್ದು 1941ರಲ್ಲಿ. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಅಂದ್ರೆ ಅದಕ್ಕಿಂತ 12 ವರ್ಷ ಮೊದಲೇ ತುಂಗಭದ್ರೆ ದಂಡೆಯ ಈ ಊರಲ್ಲಿ ಮೆಷಿನ್ ಟೂಲ್ ಕಾರ್ಖಾನೆ ಇತ್ತು. ಅದರ ಸುತ್ತ ಬೆಳೆದ ಜಾಗಕ್ಕೆ ಯಂತ್ರಪುರ ಅಂತಲೇ ಹೆಸರು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅನ್ನೋ ಲೇತ್‌ಗಳು ಇಲ್ಲಿಂದ ದೇಶದ ಎಲ್ಲ ಕಡೆ ಹೋದ್ವು. 2000ರ ದಶಕದ ಆರಂಭದಲ್ಲಿ ಕಂಪನಿಯ ಬಾಗಿಲು ಮುಚ್ಚಿತು. ಎಷ್ಟು ಮನೆಗಳ ಮೇಲೆ ಅದರ ಏಟು ಬಿತ್ತು ಅನ್ನೋದು ಹರಿಹರದೋರಿಗೆ ನಾನು ಹೇಳೋ ವಿಷಯ ಅಲ್ಲ, ಅದು ಬೇರೆಯದೇ ಎಪಿಸೋಡ್ ಬೇಡುತ್ತೆ.

ನಾನು ಹಿಡಿದಿರೋ ವಿಷಯ ಇಷ್ಟು: ಕಂಪನಿ ಹೋಯ್ತು, ಲೇತ್‌ಗಳು ಹೋಗಲಿಲ್ಲ. ಇವತ್ತಿಗೂ ಆ ಲೇತ್‌ಗಳು ವರ್ಕ್‌ಶಾಪ್‌ಗಳಲ್ಲಿ ತಿರುಗ್ತಿವೆ, ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಕೈ ಬದಲಾಗ್ತಿವೆ. ಒಂದು ಗೇರ್ ಹೋದ್ರೆ ಟರ್ನರ್ ಏನು ಮಾಡ್ತಾನೆ? ಪ್ಲೇಟ್ ಒರೆಸ್ತಾನೆ, ಮಾಡೆಲ್ ಓದ್ತಾನೆ, ಸ್ಪೇರ್ ಅಂಗಡಿಗೆ ಫೋಟೋ ಕಳಿಸ್ತಾನೆ. ಸ್ಪೀಡ್ ಬದಲಿಸೋದು, ಯಾವ ಥ್ರೆಡ್‌ಗೆ ಯಾವ ಲಿವರ್ ಅನ್ನೋ ಟೇಬಲ್ಲು, ಅದೂ ಮೆಷಿನ್ ಮೇಲೇ ಲೋಹದ ಫಲಕದಲ್ಲಿದೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಮುಚ್ಚಿಹೋದ ಕಂಪನಿಯ ಅನುಮತಿ ಬೇಡ.

ಈಗ ಊಹೆ ಮಾಡಿ. ಆ ಮಾಹಿತಿ ಎಲ್ಲ ಕಂಪನಿಯ ಸರ್ವರ್‌ನಲ್ಲಿ ಮಾತ್ರ ಇದ್ದಿದ್ರೆ, ಮೆಷಿನ್ ಮೇಲೆ ಬರೀ ಒಂದು ಚಿಪ್, ಅದನ್ನ ಓದೋಕೆ ಕಂಪನಿಯದ್ದೇ ಆಪ್ ಬೇಕು ಅಂತಿದ್ದಿದ್ರೆ? ಬೀಗ ಬಿದ್ದ ದಿನವೇ ಅಷ್ಟೂ ಲೇತ್‌ಗಳು ಹೆಸರಿಲ್ಲದ ಕಬ್ಬಿಣ ಆಗ್ತಿದ್ವು. ಗುಜರಿ ತೂಕದ ಲೆಕ್ಕಕ್ಕೆ ಬರ್ತಿದ್ವು. ಮೆಷಿನ್ ಕಂಪನಿಗಿಂತ ಜಾಸ್ತಿ ವರ್ಷ ಬದುಕುತ್ತೆ. ಅದಕ್ಕೆ ಗುರುತು ಮೆಷಿನ್ ಮೈಮೇಲೇ ಇರಬೇಕು, ಯಾರು ಬೇಕಾದ್ರೂ ಓದೋ ಹಾಗೆ ಇರಬೇಕು. ಕ್ಲೌಡ್ ಬೇಕಿದ್ರೆ ಆಮೇಲೆ ಸೇರಿಸಿಕೊಳ್ಳಲಿ.

ಹೀಗೆ ಮುಕ್ತವಾಗಿ ಮಾಡೋಕೆ ಪ್ರಯತ್ನಗಳೂ ಇವೆ. 2022ರಲ್ಲಿ ಐಇಸಿ 61406 ಅನ್ನೋ ಮಾನದಂಡ ಬಂತು. ಕ್ಯೂಆರ್ ಕೋಡ್ ಸುತ್ತ ಚೌಕಟ್ಟು, ಅದರ ಒಂದು ಮೂಲೆಯಲ್ಲಿ ತ್ರಿಕೋನ. ಅದು ಕಂಡ್ರೆ ಈ ಕೋಡ್ ಈ ಒಂದೇ ವಸ್ತುವಿನದ್ದು, ಜಗತ್ತಲ್ಲಿ ಇನ್ನೊಂದಿಲ್ಲ ಅಂತ ಅರ್ಥ. ಯಾವ ಫೋನಾದ್ರೂ ಓದುತ್ತೆ. ನನಗೆ ಇದು ಇಷ್ಟ, ಒಂದು ತಕರಾರಿನ ಜೊತೆ: ಒಳಗಿರೋದು ವೆಬ್ ವಿಳಾಸ. ಆ ವೆಬ್‌ಸೈಟ್ ನಡೆಸೋರು ಇಲ್ಲದಾದಾಗ ಗುರುತು ಉಳಿಯುತ್ತೆ, ಮಾಹಿತಿ ಉಳಿಯಲ್ಲ. ಹರಿಹರದ ಪರೀಕ್ಷೆಯಲ್ಲಿ ಇದು ಜಸ್ಟ್ ಪಾಸ್.

ಸರಿ, ನಮ್ಮ ಶಾಪ್‌ನೋರು ಏನು ಮಾಡಬಹುದು? ಎನ್‌ಎಫ್‌ಸಿ ಸ್ಟಿಕ್ಕರ್ ಅಂತ ಸಿಗುತ್ತೆ, ಆನ್‌ಲೈನ್‌ನಲ್ಲಿ ಅಗ್ಗ. ಎನ್‌ಎಫ್‌ಸಿ ಇರೋ ಫೋನ್ ತಾಗಿಸಿದ್ರೆ ಓದುತ್ತೆ. ಎನ್‌ಟ್ಯಾಗ್ 213 ಅನ್ನೋ ಸಾಮಾನ್ಯ ಚಿಪ್‌ನಲ್ಲಿ ಬರೆಯೋಕೆ ಸಿಗೋ ಜಾಗ 144 ಬೈಟ್. ಎಂಬಿ ಅಲ್ಲ, ಕೆಬಿನೂ ಅಲ್ಲ, ಬೈಟ್! ಅದರಲ್ಲೂ ಸ್ವಲ್ಪ ಫಾರ್ಮ್ಯಾಟ್‌ಗೇ ಹೋಗುತ್ತೆ. ಇನ್ನೊಂದು ಮಜಾ ಇದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ ಕನ್ನಡದಲ್ಲಿ ಅಕ್ಷರಕ್ಕೆ 3, ಅದರ ಗುಡಿಸು, ಏತ್ವಕ್ಕೆ ಇನ್ನೂ 3. 'ಹದಡಿ' ಅಂತ ಬರೆದ್ರೆ 12 ಬೈಟ್, 'ದಾವಣಗೆರೆ' ಅಂದ್ರೆ 24. ಹಾಗಾಗಿ ಕಥೆ ಬರೆಯೋಕಾಗಲ್ಲ, ಆರಿಸಿ ಬರೀಬೇಕು. ಮಾಡೆಲ್, ಸೀರಿಯಲ್ ನಂಬರ್, ಗರಿಷ್ಠ ಆಂಪಿಯರ್, ಕೊಂಡ ತಾರೀಖು, ಶಾಪ್‌ನ ಫೋನ್ ನಂಬರ್. ಮುಗೀತು. ಆಧಾರ್ ನಂಬರ್ ದಯವಿಟ್ಟು ಹಾಕಬೇಡಿ, ಟಾರ್ಚ್ ಎಲ್ಲೆಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು.

ಎರಡು ಎಚ್ಚರಿಕೆ. ಮಾಮೂಲಿ ಸ್ಟಿಕ್ಕರ್‌ನ ಲೋಹದ ಮೇಲೆ ಅಂಟಿಸಿದ್ರೆ ಫೋನ್‌ಗೆ ಕಾಣೋದೇ ಇಲ್ಲ, ಹಿಂದೆ ಫೆರೈಟ್ ಪದರ ಇರೋ 'ಆನ್ ಮೆಟಲ್' ಟ್ಯಾಗೇ ಬೇಕು. ಶಾಖ, ಕಿಡಿ ತಾಗದ ಕಡೆ ಅಂಟಿಸಬೇಕು, ಟಾರ್ಚ್ ಆದ್ರೆ ತುದಿ ಹತ್ರ ಅಲ್ಲ, ಮೆಷಿನ್‌ಗೆ ಸಿಕ್ಕಿಸೋ ಕಡೆ. ಮತ್ತೆ, ಬರೆದಾದ ಮೇಲೆ ಆಪ್‌ನಲ್ಲಿ ಪರ್ಮನೆಂಟ್ ಲಾಕ್ ಒತ್ತಿದ್ರೆ ಅದನ್ನ ತೆಗೆಯೋ ದಾರಿ ಇಲ್ಲ. ಸೀರಿಯಲ್ ನಂಬರ್‌ಗೆ ಅದು ಒಳ್ಳೇದು, ಫೋನ್ ನಂಬರ್‌ಗೆ ಅಲ್ಲ. ಎಲ್ಲದಕ್ಕಿಂತ ಮೊದಲು ನಂಬರ್ ಪಂಚ್ ತಗೊಂಡು ಬಾಡಿ ಮೇಲೆ ನಾಲ್ಕು ಅಂಕಿ ಹೊಡೀರಿ. ಸ್ಟಿಕ್ಕರ್ ಕಿತ್ಕೊಂಡು ಹೋಗಬಹುದು, ಪಂಚ್ ಹೊಡೆದಿದ್ದನ್ನ ಅಳಿಸೋಕೆ ಗ್ರೈಂಡರ್ರೇ ಬೇಕು, ಅಳಿಸಿದ್ರೂ ಅಳಿಸಿರೋದು ಕಾಣುತ್ತೆ.

ಕೊನೆಗೆ ಒಂದು ವಿಷಯ, ಇದು ಶಾಪ್ ಮಾಲೀಕರಿಗಲ್ಲ, ಕಾರ್ಖಾನೆಯಲ್ಲಿ ವೆಲ್ಡರ್ ಆಗಿರೋ ಅಥವಾ ಐಟಿಐ ಮುಗಿಸಿ ಹೊರಟಿರೋ ನನ್ನ ವಯಸ್ಸಿನೋರಿಗೆ. ಚಿಪ್ ಇರೋ ಟಾರ್ಚು ಬೆಳಿಗ್ಗೆ ನಿಮ್ಮ ಕೈಗೆ ಬರುತ್ತೆ. ನಿಮ್ಮ ಐಡಿ ಕಾರ್ಡ್ ಮೆಷಿನ್‌ಗೆ ತೋರಿಸಿ ಕೆಲಸ ಶುರು ಮಾಡ್ತೀರಿ. ಅಲ್ಲಿಂದ ಟಾರ್ಚ್‌ನ ಡೇಟಾ ನಿಮ್ಮ ಡೇಟಾ. ಎಷ್ಟು ನಿಮಿಷ ಆರ್ಕ್ ಉರೀತು, ಎಷ್ಟು ಹೊತ್ತು ನಿಂತಿತ್ತು. ಬಾಯ್ಲರ್, ಪ್ರೆಷರ್ ವೆಸಲ್ ಕೆಲಸದಲ್ಲಿ ಯಾವ ಜಾಯಿಂಟ್ ಯಾರು ಮಾಡಿದ್ರು ಅಂತ ದಾಖಲೆ ಬೇಕೇ ಬೇಕು, ಅದು ಜೀವದ ಪ್ರಶ್ನೆ, ಅದಕ್ಕೆ ನನ್ನ ವಿರೋಧ ಇಲ್ಲ. ಆದ್ರೆ ಆರ್ಕ್ ಉರಿಯದ ಹೊತ್ತಲ್ಲಿ ವೆಲ್ಡರ್ ಸುಮ್ನೆ ಕೂತಿರಲ್ಲ. ತುಂಡು ಹೊಂದಿಸ್ತಾನೆ, ಸ್ಲ್ಯಾಗ್ ಕುಟ್ಟಿ ತೆಗೀತಾನೆ, ತುಕ್ಕು ಉಜ್ಜುತಾನೆ. ಚಿಪ್‌ಗೆ ಅದು ಯಾವುದೂ ಕಾಣಲ್ಲ. ಆಫೀಸ್‌ನ ಸ್ಕ್ರೀನ್‌ನಲ್ಲಿ ಅದೆಲ್ಲ 'ಖಾಲಿ' ಅಂತ ಬರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹಂತಹಂತವಾಗಿ ಜಾರಿಯಾಗ್ತಿದೆ. ಅದರ 7ನೇ ಸೆಕ್ಷನ್ ನೋಡಿದ್ರೆ, ಉದ್ಯೋಗದ ಉದ್ದೇಶಕ್ಕೆ ಅಂತ ಡೇಟಾ ಬಳಸೋಕೆ ಮಾಲೀಕರು ನಿಮ್ಮ ಒಪ್ಪಿಗೆ ಕೇಳಲೇಬೇಕು ಅಂತಿಲ್ಲ. ಹಾಗಾಗಿ ಕೇಳಬೇಕಾದೋರು ನೀವೇ: ಈ ಟಾರ್ಚ್ ನನ್ನ ಬಗ್ಗೆ ಏನು ಬರ್ಕೊಳ್ಳುತ್ತೆ, ಆ ರಿಪೋರ್ಟ್ ನನಗೂ ತೋರಿಸ್ತೀರಾ? ಯೂನಿಯನ್ ಇರೋ ಕಡೆ ಇದನ್ನ ವೇತನ ಮಾತುಕತೆಯ ಟೇಬಲ್‌ಗೇ ತರಬಹುದು.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಯಾವುದಾದ್ರೂ ವರ್ಕ್‌ಶಾಪ್‌ನಲ್ಲಿ ಹರಿಹರದ ಲೇತ್ ಇನ್ನೂ ಓಡ್ತಿದ್ರೆ, ಮಾಲೀಕರನ್ನ ಕೇಳಿ ಅದರ ಪ್ಲೇಟ್‌ನ ಫೋಟೋ ಕಳಿಸಿ. ಗ್ರೀಸ್ ಒರೆಸಿ ತೆಗೀರಿ, ಮಾಡೆಲ್ ಓದೋ ಹಾಗೆ ಇರಲಿ. ಸೀರಿಯಲ್ ನಂಬರ್ ಮೇಲೆ ಬೆರಳಿಟ್ಟು ತೆಗೆದ್ರೂ ಪರವಾಗಿಲ್ಲ, ಅದು ಅವರದ್ದು.